ಗುಪ್ತಪದವೆಂಬ ಅಮಾನತ್ತು: ಕಂದಕದ ಕಾವಲಿನಿಂದ ಕಂಪ್ಯೂಟರಿನವರೆಗೆ

ಹಲವು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಒಂದು ವಿದ್ಯಾಸಂಸ್ಥೆಯ ಕಚೇರಿಯಲ್ಲಿ ಒಂದೇ ಒಂದು ಕಂಪ್ಯೂಟರ್ ಇತ್ತು. ಅದರ ಪರದೆಯ ಅಂಚಿಗೆ ಒಂದು ಚೀಟಿ ಅಂಟಿಸಲಾಗಿತ್ತು. ಸಂಸ್ಥೆಯ ಹೆಸರು, ಅದರ ಮುಂದೆ 123. ಅದೇ ಪಾಸ್‌ವರ್ಡ್. ಮಕ್ಕಳ ಹೆಸರು, ತಂದೆ ತಾಯಿಯ ವಿವರ, ಆಧಾರ್ ಸಂಖ್ಯೆ, ವಿದ್ಯಾರ್ಥಿವೇತನ ಜಮೆಯಾಗಬೇಕಾದ ಬ್ಯಾಂಕ್ ಖಾತೆ, ಎಲ್ಲವೂ ಆ ಒಂದು ಪದದ ಹಿಂದೆ ಇದ್ದವು. ಕಚೇರಿಗೆ ಬರುವ ಎಂಟು ಮಂದಿಗೂ ಆ ಪದ ತಿಳಿದಿತ್ತು. ಒಂದು ವರ್ಷ ಒಬ್ಬ ಬಡ ಹುಡುಗಿಯ ಖಾತೆಯ ಸಂಖ್ಯೆ ಬದಲಾಗಿರುವುದು ಕಂಡುಬಂತು. ಬದಲಿಸಿದವರು ಯಾರು? ಅದು ಕೈತಪ್ಪೋ, ಕಳ್ಳತನವೋ? ಹೇಳಲು ಯಾರಿಂದಲೂ ಸಾಧ್ಯವಾಗಲಿಲ್ಲ. ಗುಮಾನಿ ಮಾತ್ರ ಅಲ್ಲಿದ್ದ ಯುವ ಗುಮಾಸ್ತನ ಮೇಲೆ ಬಿತ್ತು. "ಹಜ್ರತ್, ನಾನು ಮಾಡಿಲ್ಲ ಎಂದು ಹೇಗೆ ತೋರಿಸಲಿ?" ಎಂದು ಅವನು ನನ್ನನ್ನು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಎರಡು ತಿಂಗಳಲ್ಲಿ ಅವನು ಕೆಲಸ ಬಿಟ್ಟು ಹೋದ.

ನಮ್ಮ ಹತ್ತಿಕುಣಿಯಂತಹ ಹಳ್ಳಿಯಲ್ಲಿಯೂ ಇಂದು ಪಹಣಿ, ಪಡಿತರ, ವೃದ್ಧಾಪ್ಯ ವೇತನ, ಮಕ್ಕಳ ವಿದ್ಯಾರ್ಥಿವೇತನ ಎಲ್ಲವೂ ಎಲ್ಲೋ ಒಂದು ದತ್ತಸಂಚಯದಲ್ಲಿ, ಅಂದರೆ ಡೇಟಾಬೇಸಿನಲ್ಲಿ, ಕುಳಿತಿವೆ. ಅದರ ಬೀಗದ ಕೈಯೇ ಪಾಸ್‌ವರ್ಡ್. ಈ ಬೀಗದ ಕೈಯನ್ನು ಕದಿಯಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಅದು ತಂತಿಯಲ್ಲಿಯೋ ಗಾಳಿಯಲ್ಲಿಯೋ ಸಾಗುವಾಗ ಕದ್ದು ಕೇಳುವುದು. ಎರಡು, ಸಾಧ್ಯವಿರುವ ಪದಗಳನ್ನೆಲ್ಲ ಒಂದೊಂದಾಗಿ ಪ್ರಯತ್ನಿಸಿ ಊಹಿಸುವುದು. ಇವು ಕಂಪ್ಯೂಟರಿನೊಂದಿಗೆ ಹುಟ್ಟಿದ ವಿದ್ಯೆಗಳಲ್ಲ. ಇವುಗಳ ಇತಿಹಾಸವನ್ನು ಅರಿತರೆ ರಕ್ಷಣೆಯ ದಾರಿಯೂ ತಾನಾಗಿಯೇ ತಿಳಿಯುತ್ತದೆ.

ಕಂದಕದ ರಾತ್ರಿಯ ಸಂಕೇತವಾಕ್ಯ

ಹಿಜರಿ 5, ಅಂದರೆ ಕ್ರಿ.ಶ. 627. ಮದೀನಾ ನಗರವನ್ನು ಶತ್ರುಗಳ ದೊಡ್ಡ ಒಕ್ಕೂಟವೊಂದು ಮುತ್ತಿಗೆ ಹಾಕಿತ್ತು. ಸಲ್ಮಾನ್ ಫಾರಸಿ(ರ) ಅವರ ಸಲಹೆಯಂತೆ ನಗರದ ತೆರೆದ ಭಾಗದಲ್ಲಿ ಕಂದಕ ತೋಡಲಾಗಿತ್ತು. ಕತ್ತಲೆಯಲ್ಲಿ ಎದುರಿಗೆ ಬರುವವನು ತನ್ನವನೋ ಪರಕೀಯನೋ ಎಂದು ಕಾವಲುಗಾರನಿಗೆ ತಿಳಿಯುವುದು ಹೇಗೆ? ಪ್ರವಾದಿ ಮುಹಮ್ಮದ್(ಸ) ಅವರು ಸಹಾಬಿಗಳಿಗೆ ಹಾ ಮೀಮ್ ಎಂಬ ಅಕ್ಷರಗಳಿಂದ ಆರಂಭವಾಗುವ ಒಂದು ಸಂಕೇತವಾಕ್ಯವನ್ನು ನೀಡಿದ್ದರೆಂದು ಚರಿತ್ರೆಯ ಗ್ರಂಥಗಳು ಹೇಳುತ್ತವೆ. ಇದಕ್ಕೆ ಅರಬಿಯಲ್ಲಿ ಶಿಆರ್ ಎನ್ನುತ್ತಾರೆ. ಅದಕ್ಕೂ ಹಿಂದೆ ರೋಮನ್ ಸೈನ್ಯದಲ್ಲಿ ಆ ರಾತ್ರಿಯ ಸಂಕೇತಪದವನ್ನು ಮರದ ಚಿಕ್ಕ ಹಲಗೆಯ ಮೇಲೆ ಬರೆದು ಒಂದು ತುಕಡಿಯಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದರು. ಹಲಗೆ ಕತ್ತಲಾಗುವ ಮುನ್ನ ಮರಳಿ ಬರದಿದ್ದರೆ ಎಲ್ಲಿ ತಡೆಯಿತೆಂದು ವಿಚಾರಣೆ ನಡೆಯುತ್ತಿತ್ತು.

ಈ ಪದ್ಧತಿಯ ಬಲವೂ ಬಲಹೀನತೆಯೂ ಒಂದೇ ಕಡೆ ಇವೆ. ತನ್ನವನೆಂದು ತೋರಿಸಿಕೊಳ್ಳಬೇಕಾದರೆ ಸಂಕೇತವನ್ನು ಬಾಯಿಬಿಟ್ಟು ಹೇಳಲೇಬೇಕು. ಹೇಳಿದೊಡನೆ ಪೊದೆಯ ಮರೆಯಲ್ಲಿ ಅಡಗಿ ಕುಳಿತವನೂ ಅದನ್ನು ಕೇಳಬಹುದು. ಆದ್ದರಿಂದಲೇ ಹಿಂದಿನ ಸೇನಾನಾಯಕರು ಸಂಕೇತವನ್ನು ಆಗಾಗ ಬದಲಿಸುತ್ತಿದ್ದರು. ಒಂದು ರಾತ್ರಿ ಕದ್ದ ಪದ ಮರುರಾತ್ರಿ ಕೆಲಸಕ್ಕೆ ಬಾರದಂತೆ ನೋಡಿಕೊಳ್ಳುತ್ತಿದ್ದರು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ಉಪಾಯ ಬೇರೊಂದು ರೂಪದಲ್ಲಿ ಮರಳಿ ಬರಲಿದೆ.

ಅಕ್ಷರಗಳನ್ನು ಎಣಿಸಿದ ವಿದ್ವಾಂಸರು

ಊಹಿಸಿ ಭೇದಿಸುವ ವಿದ್ಯೆಯ ಮೂಲವನ್ನು ಹುಡುಕುತ್ತಾ ಹೋದರೆ ನಾವು ಯುದ್ಧಭೂಮಿಯನ್ನಲ್ಲ, ವ್ಯಾಕರಣದ ಪಾಠಶಾಲೆಯನ್ನು ತಲುಪುತ್ತೇವೆ. ಎಂಟನೆಯ ಶತಮಾನದಲ್ಲಿ ಬಸರಾ ನಗರದಲ್ಲಿದ್ದ ಖಲೀಲ್ ಇಬ್ನ್ ಅಹ್ಮದ್ ಅಲ್ ಫರಾಹೀದಿ ಅರಬಿ ಛಂದಶ್ಶಾಸ್ತ್ರದ ಪ್ರವರ್ತಕರು. ಅರಬಿಯ ಮೊದಲ ನಿಘಂಟು ಕಿತಾಬುಲ್ ಐನ್ ಅವರ ಹೆಸರಿನಲ್ಲಿದೆ. ಆ ನಿಘಂಟಿಗಾಗಿ ಅವರು ಅಕ್ಷರಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೆಂದು ಲೆಕ್ಕ ಹಾಕಿದರು. ಮೂರು ಅಕ್ಷರಗಳನ್ನು 6 ಬಗೆಯಲ್ಲಿ, ನಾಲ್ಕನ್ನು 24 ಬಗೆಯಲ್ಲಿ, ಐದನ್ನು 120 ಬಗೆಯಲ್ಲಿ ಜೋಡಿಸಬಹುದು. ಭಾಷೆಯ ಎಲ್ಲ ಸಾಧ್ಯ ಪದಗಳನ್ನೂ ಒಂದೂ ಬಿಡದಂತೆ ಪಟ್ಟಿ ಮಾಡುವ ಈ ಕ್ರಮವು ಇಂದು ಪಾಸ್‌ವರ್ಡ್ ಮುರಿಯುವ ಯಂತ್ರವು ಅನುಸರಿಸುವ ಕ್ರಮಕ್ಕೆ ಹತ್ತಿರವಾದುದು. ಉದ್ದೇಶ ಮಾತ್ರ ಬೇರೆ. ಒಬ್ಬರು ಭಾಷೆಯ ಸಂಪತ್ತನ್ನು ಕಾಯ್ದಿಡಲು ಎಣಿಸಿದರು. ಇನ್ನೊಬ್ಬರು ಪರರ ಸಂಪತ್ತನ್ನು ದೋಚಲು ಎಣಿಸುತ್ತಾರೆ.

ಇದೇ ಖಲೀಲರ ಕುರಿತು ಒಂದು ಪ್ರಸಿದ್ಧ ವೃತ್ತಾಂತವಿದೆ. ಬೈಜಾಂಟಿಯನ್ ದೊರೆಯು ಗ್ರೀಕ್ ಭಾಷೆಯಲ್ಲಿ ಬರೆದ ಗೂಢಲಿಪಿಯ ಪತ್ರವೊಂದು ಅವರಿಗೆ ದೊರೆಯಿತು. ಪತ್ರವು ದೇವರ ನಾಮದಿಂದಲೇ ಆರಂಭವಾಗಿರಬೇಕೆಂದು ಅವರು ಊಹಿಸಿದರು. ಆ ಊಹೆಯಿಂದ ಮೊದಲ ಅಕ್ಷರಗಳನ್ನು ಗುರುತಿಸಿ, ಅವುಗಳ ಸಹಾಯದಿಂದ ಒಂದು ತಿಂಗಳಲ್ಲಿ ಇಡೀ ಪತ್ರವನ್ನು ಬಿಡಿಸಿದರು. ದೊರೆಯ ಲಿಪಿ ಕಠಿಣವಾಗಿಯೇ ಇತ್ತು. ಅವನನ್ನು ಬಿಟ್ಟುಕೊಟ್ಟದ್ದು ಅವನ ಅಭ್ಯಾಸ.

ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಯಾಕೂಬ್ ಇಬ್ನ್ ಇಸ್ಹಾಕ್ ಅಲ್ ಕಿಂದಿ ಈ ಒಳನೋಟವನ್ನು ಶಾಸ್ತ್ರವನ್ನಾಗಿಸಿದರು. ಗೂಢಲಿಪಿಯನ್ನು ಬಿಡಿಸುವ ಕುರಿತು ಅವರು ಬರೆದ ರಿಸಾಲೆಯು ಈ ವಿಷಯದಲ್ಲಿ ಇಂದಿಗೆ ಲಭ್ಯವಿರುವ ಅತ್ಯಂತ ಹಳೆಯ ಗ್ರಂಥಗಳಲ್ಲೊಂದು. ಅದರ ಹಸ್ತಪ್ರತಿ ಇಸ್ತಾಂಬುಲಿನ ಸುಲೈಮಾನಿಯಾ ಸಂಗ್ರಹದಲ್ಲಿ ದೊರೆತು, 1980ರ ದಶಕದಲ್ಲಿ ಪ್ರಕಟವಾಯಿತು. ಅಲ್ ಕಿಂದಿಯವರು 3,667 ಅಕ್ಷರಗಳ ಒಂದು ಅರಬಿ ಬರಹವನ್ನು ತೆಗೆದುಕೊಂಡು ಎಣಿಸಿದರು. ಅಲಿಫ್ 600 ಬಾರಿ, ಲಾಮ್ 437 ಬಾರಿ ಬಂದಿತ್ತು. ಗೂಢಲಿಪಿಯಲ್ಲಿ ಅತಿ ಹೆಚ್ಚು ಬರುವ ಚಿಹ್ನೆ ಅಲಿಫ್ ಆಗಿರಬೇಕು, ನಂತರದ್ದು ಲಾಮ್. ಚಿಹ್ನೆ ಬದಲಾದರೂ ಎಣಿಕೆ ಬದಲಾಗದು. ಕನ್ನಡದ ಒಂದು ಪುಟವನ್ನು ತೆಗೆದುಕೊಂಡು ಮಕ್ಕಳಿಂದ ಎಣಿಸಿ ನೋಡಿ. ರ, ನ, ತ, ದ ಹೆಜ್ಜೆ ಹೆಜ್ಜೆಗೂ ಸಿಗುತ್ತವೆ. ಝ, ಢ, ಙ ಹುಡುಕಿದರೂ ಸಿಗುವುದು ಅಪರೂಪ.

ಈ ಪರಂಪರೆ ಮುಂದೆಯೂ ಬೆಳೆಯಿತು. ಹದಿನಾಲ್ಕನೆಯ ಶತಮಾನದ ಇಬ್ನ್ ಅದ್ದುರೈಹಿಮ್ ಅವರ ಬರಹಗಳನ್ನು ಆಧರಿಸಿ, ಈಜಿಪ್ಟಿನ ಮಮ್ಲೂಕ್ ಆಸ್ಥಾನದ ಲಿಪಿಕಾರ ಅಲ್ ಕಲ್ಕಶಂದಿ ತಮ್ಮ ಬೃಹತ್ ವಿಶ್ವಕೋಶ ಸುಬ್ಹುಲ್ ಆಶಾದಲ್ಲಿ ಗೂಢಲಿಪಿಗೆ ಒಂದು ಭಾಗವನ್ನೇ ಮೀಸಲಿಟ್ಟರು. ಆ ಗ್ರಂಥ 1412ರಲ್ಲಿ ಪೂರ್ಣಗೊಂಡಿತು. ಆಸ್ಥಾನದ ಗುಮಾಸ್ತನಾಗುವವನು ಗುಟ್ಟು ಕಾಯುವುದನ್ನೂ ಕಲಿತಿರಬೇಕು ಎಂಬುದು ಅದರ ಆಶಯ.

ಇವರೆಲ್ಲರ ಕೃತಿಗಳಿಂದ ಹೊರಡುವ ಪಾಠ ಒಂದೇ: ಮನುಷ್ಯನು ಎಲ್ಲಿ ಅಭ್ಯಾಸಬಲದಿಂದ ನಡೆಯುತ್ತಾನೋ ಅಲ್ಲಿ ಅವನ ಗುಟ್ಟು ಎಣಿಕೆಗೆ ಸಿಗುತ್ತದೆ. ಈ ಪಾಠ ಸಾವಿರ ವರ್ಷಗಳ ನಂತರವೂ ಹಾಗೆಯೇ ನಿಜವಾಯಿತು. 2009ರಲ್ಲಿ ರಾಕ್‌ಯು ಎಂಬ ಅಮೆರಿಕದ ಸಂಸ್ಥೆಯಿಂದ 3 ಕೋಟಿ 20 ಲಕ್ಷ ಪಾಸ್‌ವರ್ಡ್‌ಗಳು ಕಳವಾದವು. ಅವುಗಳನ್ನು ಎಣಿಸಿದಾಗ ಸುಮಾರು 2,90,000 ಮಂದಿ 123456 ಎಂಬುದನ್ನೇ ಇಟ್ಟುಕೊಂಡಿದ್ದರು. ಅಲ್ ಕಿಂದಿಯವರ ಅಲಿಫ್ ಹೇಗೋ ಇಂದಿನ ಕಳ್ಳನಿಗೆ ಈ ಸಂಖ್ಯೆ ಹಾಗೆ. ಅವನು ಅದರಿಂದಲೇ ಆರಂಭಿಸುತ್ತಾನೆ.

ಯಂತ್ರಕ್ಕೆ ಬಂದ ಬೀಗ

ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆಯನ್ನು ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ರೂಪಿಸಿದಾಗ ಪ್ರತಿಯೊಬ್ಬನ ಕಡತಕ್ಕೂ ಒಂದು ಬೀಗ ಬೇಕಾಯಿತು. ಆದರೆ ಎಲ್ಲರ ಪಾಸ್‌ವರ್ಡ್‌ಗಳೂ ಒಂದು ಕಡತದಲ್ಲಿ ಇದ್ದ ಹಾಗೆಯೇ ಬರೆದಿಡಲ್ಪಟ್ಟಿದ್ದವು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕರು ತಮಗೆ ಯಂತ್ರದ ಸಮಯ ಹೆಚ್ಚು ಬೇಕೆಂದು ಆ ಕಡತವನ್ನೇ ಮುದ್ರಿಸಿಕೊಂಡರು. ಬಹಳ ವರ್ಷಗಳ ನಂತರ ಅವರೇ ಅದನ್ನು ಒಪ್ಪಿಕೊಂಡರು. 1966ರಲ್ಲಿ ಎರಡು ಕಡತಗಳು ಅದಲುಬದಲಾಗಿ, ಯಂತ್ರಕ್ಕೆ ಪ್ರವೇಶಿಸಿದ ಪ್ರತಿಯೊಬ್ಬರ ಮುಂದೆಯೂ ಎಲ್ಲರ ಪಾಸ್‌ವರ್ಡ್‌ಗಳು ಬಂದು ನಿಂತವು.

ಆಗ ವಿದ್ವಾಂಸರಿಗೆ ಹೊಳೆದ ಉಪಾಯ ಸರಳ. ಪಾಸ್‌ವರ್ಡನ್ನು ಬರೆದಿಡಲೇಬಾರದು. ಅದನ್ನು ಗಣಿತದ ಗಿರಣಿಯಲ್ಲಿ ಹಾಕಿ ಬೀಸಿ, ಬಂದ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳಬೇಕು. ಜೋಳದಿಂದ ಹಿಟ್ಟು ಮಾಡಬಹುದು, ಹಿಟ್ಟಿನಿಂದ ಜೋಳ ಮಾಡಲಾಗದು. ಬಂದವನು ಹೇಳಿದ ಪದವನ್ನು ಮತ್ತೆ ಬೀಸಿ, ಎರಡು ಹಿಟ್ಟುಗಳು ಒಂದೇ ಆಗಿವೆಯೇ ಎಂದು ನೋಡಿದರೆ ಸಾಕು. ಇದಕ್ಕೆ ಹ್ಯಾಶ್ ಎಂದು ಹೆಸರು. ಕೇಂಬ್ರಿಡ್ಜಿನಲ್ಲಿ ರೋಜರ್ ನೀಡಮ್ ಮತ್ತು ಸಂಗಡಿಗರು 1960ರ ದಶಕದಲ್ಲೇ ಇದನ್ನು ಬಳಸಿದ್ದರು.

ಆದರೂ ಕಳ್ಳನು ತನ್ನದೇ ಗಿರಣಿಯಲ್ಲಿ ಲಕ್ಷಾಂತರ ಪದಗಳನ್ನು ಬೀಸಿ ಹೋಲಿಸಿ ನೋಡಬಹುದಲ್ಲವೇ? 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಇದನ್ನು ಪರೀಕ್ಷಿಸಿ ಬರೆದರು. ಅವರು ಸಂಗ್ರಹಿಸಿದ 3,289 ಪಾಸ್‌ವರ್ಡ್‌ಗಳಲ್ಲಿ ಶೇಕಡಾ 86ರಷ್ಟು ತೀರ ಚಿಕ್ಕವು ಅಥವಾ ನಿಘಂಟಿನಲ್ಲಿ, ಹೆಸರುಗಳ ಪಟ್ಟಿಯಲ್ಲಿ ಸಿಗುವಂಥವು. ಅವರು ಸೂಚಿಸಿದ ಪರಿಹಾರಗಳಲ್ಲಿ ಎರಡು ಇಂದಿಗೂ ರಕ್ಷಣೆಯ ಅಡಿಪಾಯವಾಗಿವೆ.

ಮೊದಲನೆಯದಕ್ಕೆ ಅವರಿಟ್ಟ ಹೆಸರು ಉಪ್ಪು. ಬೀಸುವ ಮೊದಲು ಪ್ರತಿಯೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆ ಒಂದು ಚಿಟಿಕೆ ಯಾದೃಚ್ಛಿಕ ಸಂಖ್ಯೆಯನ್ನು ಬೆರೆಸುವುದು. ಇಬ್ಬರು ಒಂದೇ ಪದ ಇಟ್ಟುಕೊಂಡಿದ್ದರೂ ಹಿಟ್ಟು ಬೇರೆಯಾಗುತ್ತದೆ. ಕಳ್ಳನು ಮೊದಲೇ ಬೀಸಿಟ್ಟುಕೊಂಡ ಪಟ್ಟಿ ವ್ಯರ್ಥವಾಗುತ್ತದೆ. ಅವನು ಪ್ರತಿಯೊಬ್ಬರಿಗೂ ಮೊದಲಿನಿಂದ ಆರಂಭಿಸಬೇಕು. ಅಲ್ ಕಿಂದಿಯವರ ಎಣಿಕೆಗೆ ಆಹಾರವಾದ ಪುನರಾವರ್ತನೆಯನ್ನೇ ಉಪ್ಪು ಮರೆಮಾಚುತ್ತದೆ. 2012ರಲ್ಲಿ ಲಿಂಕ್ಡ್‌ಇನ್ ಸಂಸ್ಥೆಯ 65 ಲಕ್ಷ ಹ್ಯಾಶ್‌ಗಳು ಹೊರಬಿದ್ದಾಗ ಅವುಗಳಲ್ಲಿ ಉಪ್ಪೇ ಇರಲಿಲ್ಲ. ಬಹುಪಾಲು ಬೇಗನೆ ಬಯಲಾದವು. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂಬುದು ನಮ್ಮ ನಾಡಿನ ಗಾದೆ. ಜನರ ಅನ್ನ ಉಂಡು ಅವರ ಗುಟ್ಟಿಗೆ ಒಂದು ಚಿಟಿಕೆ ಉಪ್ಪನ್ನೂ ಹಾಕದ ಸಂಸ್ಥೆಗಳಿಗೆ ಈ ಗಾದೆ ಸರಿಯಾಗಿ ಹೊಂದುತ್ತದೆ.

ಎರಡನೆಯ ಪರಿಹಾರ ನಿಧಾನ. ನಮ್ಮ ಹತ್ತಿಕುಣಿ ಜಲಾಶಯದಲ್ಲಿ ಎಷ್ಟೇ ನೀರಿದ್ದರೂ ಕಾಲುವೆಗೆ ಬರುವುದು ತೂಬು ಬಿಟ್ಟಷ್ಟೇ. ಅದೇ ರೀತಿ ಗಿರಣಿಯನ್ನೇ ಬೇಕೆಂದು ನಿಧಾನಗೊಳಿಸಬೇಕು. ಲೆಕ್ಕ ನೋಡಿ. ಇಂಗ್ಲಿಷಿನ ಎಂಟು ಸಣ್ಣಕ್ಷರಗಳ ಪಾಸ್‌ವರ್ಡ್‌ಗಳು ಒಟ್ಟು ಸುಮಾರು 20,883 ಕೋಟಿ. ವೇಗದ ಹಳೆಯ ಹ್ಯಾಶ್ ಇದ್ದರೆ ಸೆಕೆಂಡಿಗೆ 1,000 ಕೋಟಿ ಊಹೆ ಮಾಡುವ ಯಂತ್ರ ಇಂದು ದುರ್ಲಭವಲ್ಲ. ಅದಕ್ಕೆ ಬೇಕಾಗುವುದು 21 ಸೆಕೆಂಡು ಮಾತ್ರ. ಸೆಕೆಂಡಿಗೆ 1,000 ಊಹೆಗಳಿಗಷ್ಟೇ ಅವಕಾಶ ಕೊಡುವ ನಿಧಾನದ ಹ್ಯಾಶ್ ಇದ್ದರೆ ಅದೇ ಕೆಲಸಕ್ಕೆ ಆರೂವರೆ ವರ್ಷ ಬೇಕು. ಅಕ್ಷರಗಳು ಎಂಟರ ಬದಲು ಹನ್ನೆರಡಾದರೆ 30 ಲಕ್ಷ ವರ್ಷಗಳು. ಆದರೆ ಆ ಅಕ್ಷರಗಳು ಯಾದೃಚ್ಛಿಕವಾಗಿರಬೇಕು. ಊರಿನ ಹೆಸರೋ ಮಗುವಿನ ಹೆಸರೋ ಆಗಿದ್ದರೆ ಈ ಲೆಕ್ಕ ಅನ್ವಯಿಸದು. 1999ರಲ್ಲಿ ಬಂದ ಬಿಕ್ರಿಪ್ಟ್, 2015ರ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಗೆದ್ದ ಆರ್ಗಾನ್2 ಇವೆಲ್ಲ ಇಂತಹ ತೂಬುಗಳೇ. ಸತತವಾಗಿ ಕೆಲವು ಬಾರಿ ತಪ್ಪಿದೊಡನೆ ಖಾತೆಯನ್ನು ತಡೆಹಿಡಿಯುವ ಕ್ರಮವೂ ಇನ್ನೊಂದು ತೂಬು. ಎಟಿಎಂ ಕಾರ್ಡಿನ ನಾಲ್ಕು ಅಂಕಿಗಳಿಗೆ ಕೇವಲ 10,000 ಸಾಧ್ಯತೆಗಳಿದ್ದರೂ ಅದು ನಮ್ಮನ್ನು ಕಾಯುವುದು ಈ ತಡೆಯಿಂದಲೇ.

ಗೋಲ್‌ಗುಂಬಜಿನ ಪಿಸುಮಾತು

ಇನ್ನು ಕದ್ದು ಕೇಳುವವನ ವಿಷಯ. ವಿಜಯಪುರದ ಗೋಲ್‌ಗುಂಬಜ್ ನೋಡಿದವರು ಇದನ್ನು ಸುಲಭವಾಗಿ ತಿಳಿಯಬಲ್ಲರು. ಮುಹಮ್ಮದ್ ಆದಿಲ್ ಶಾಹನ ಆ ಸಮಾಧಿಯ ಮೇಲಿನ ಗ್ಯಾಲರಿಯಲ್ಲಿ ನಿಂತು ಗೋಡೆಗೆ ಪಿಸುಗುಟ್ಟಿದರೆ ಗುಮ್ಮಟದ ಆಚೆ ಬದಿಯಲ್ಲಿ ನಿಂತವನಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಮಾತು ಒಬ್ಬನಿಗೆಂದು ಹೇಳಿದರೂ ಗೋಡೆಯ ಬಳಿ ಇರುವ ಯಾರಿಗೂ ತಲುಪಬಹುದು. ಕಂಪ್ಯೂಟರುಗಳ ಜಾಲವೂ ಬಹುಕಾಲ ಹೀಗೆಯೇ ಇತ್ತು. ಒಂದೇ ತಂತಿಯಲ್ಲಿ ಎಲ್ಲರ ಮಾತೂ ಹರಿಯುತ್ತಿತ್ತು. ತನಗೆ ಸಂಬಂಧಿಸಿದ್ದನ್ನು ಮಾತ್ರ ಕೇಳಬೇಕೆಂಬುದು ಯಂತ್ರಗಳ ಸಭ್ಯತೆಯಾಗಿತ್ತೇ ಹೊರತು ತಡೆಯಾಗಿರಲಿಲ್ಲ. ಇಂದು ಬಸ್ ನಿಲ್ದಾಣದಲ್ಲಿ ಪಾಸ್‌ವರ್ಡ್ ಇಲ್ಲದೆ ಸಿಗುವ ಪುಕ್ಕಟೆ ವೈಫೈ ಕೂಡ ಅಂತಹದೇ ಗುಮ್ಮಟ.

1994ರ ಫೆಬ್ರವರಿಯಲ್ಲಿ ಅಮೆರಿಕದ ಸರ್ಟ್ ಸಂಸ್ಥೆಯು, ಹೀಗೆ ಆಲಿಸುವ ಕಳ್ಳರು ಹತ್ತಾರು ಸಾವಿರ ಯಂತ್ರಗಳ ಪಾಸ್‌ವರ್ಡ್‌ಗಳನ್ನು ಸಂಗ್ರಹಿಸಿದ್ದಾರೆಂದು ಎಚ್ಚರಿಸಿತು. ಮರುವರ್ಷ ಫಿನ್ಲೆಂಡಿನಲ್ಲಿ ತನ್ನ ವಿಶ್ವವಿದ್ಯಾಲಯದ ಜಾಲದಲ್ಲಿ ಇಂತಹದೇ ಕಳವು ನಡೆದುದನ್ನು ಕಂಡ ಟಾಟು ಯ್ಲೋನೆನ್ ಎಂಬಾತ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕ ವಿಧಾನವನ್ನು ರಚಿಸಿದ. ಅದೇ ಕಾಲದಲ್ಲಿ ಎಸ್‌ಎಸ್‌ಎಲ್ ಬಂದು, 1999ರಲ್ಲಿ ಅದರ ಮುಂದುವರಿಕೆಯಾಗಿ ಟಿಎಲ್‌ಎಸ್ ಆಯಿತು. ಇವು ಮಾತನ್ನು ಹೊರಡುವ ಮುನ್ನವೇ ಗೂಢಲಿಪಿಗೆ ತಿರುಗಿಸುತ್ತವೆ. ಎದುರಿಗಿರುವ ಯಂತ್ರ ನಿಜವಾದುದೇ ಎಂಬುದನ್ನೂ ಪ್ರಮಾಣಪತ್ರದ ಮೂಲಕ ಪರೀಕ್ಷಿಸುತ್ತವೆ. ಈ ಪರೀಕ್ಷೆಯನ್ನು ಬಿಟ್ಟುಬಿಟ್ಟರೆ ಕಳ್ಳನೇ ಕಾವಲುಗಾರನ ವೇಷದಲ್ಲಿ ನಿಲ್ಲಬಹುದು.

ಡೇಟಾಬೇಸ್ ನಿರ್ಮಿಸಿದವರು ಇನ್ನೊಂದು ಹೆಜ್ಜೆ ಇಟ್ಟರು. ಕಂದಕದ ರಾತ್ರಿಯಲ್ಲಿ ಬಿಟ್ಟುಬಂದ ಮಾತು ಇಲ್ಲಿ ಮರಳುತ್ತದೆ. ಗುಟ್ಟನ್ನು ಹೇಳದೆಯೇ, ಗುಟ್ಟು ತನಗೆ ತಿಳಿದಿದೆ ಎಂದು ತೋರಿಸುವುದು ಸಾಧ್ಯವೇ? ಸಾಧ್ಯ. ಸರ್ವರ್ ಪ್ರತಿ ಬಾರಿಯೂ ಹೊಸದೊಂದು ಸಂಖ್ಯೆಯನ್ನು ಸವಾಲಾಗಿ ಕೊಡುತ್ತದೆ. ಬಂದವನು ತನ್ನ ಪಾಸ್‌ವರ್ಡನ್ನು ಆ ಸಂಖ್ಯೆಯೊಂದಿಗೆ ಬೆರೆಸಿ ಬೀಸಿ, ಫಲಿತವನ್ನಷ್ಟೇ ಕಳುಹಿಸುತ್ತಾನೆ. ಪಾಸ್‌ವರ್ಡ್ ದಾರಿಗೆ ಇಳಿಯುವುದೇ ಇಲ್ಲ. ಇಂದು ಕದ್ದ ಉತ್ತರ ನಾಳೆಯ ಸವಾಲಿಗೆ ಹೊಂದುವುದಿಲ್ಲ. 2017ರಲ್ಲಿ ಬಂದ ಪೋಸ್ಟ್‌ಗ್ರೆಸ್ 10ನೆಯ ಆವೃತ್ತಿಯಲ್ಲಿರುವ ಸ್ಕ್ರ್ಯಾಮ್ ಎಂಬ ವಿಧಾನ ಈ ಬಗೆಯದು. ಉಪ್ಪು, ನಿಧಾನ, ಸವಾಲು ಮೂರೂ ಅದರಲ್ಲಿವೆ.

ಆದರೆ ಇದನ್ನೇ ನೆಚ್ಚಿ ನಿಶ್ಚಿಂತರಾಗುವಂತಿಲ್ಲ. ಸವಾಲನ್ನೂ ಉತ್ತರವನ್ನೂ ಕದ್ದು ಕೇಳಿದವನು ಮನೆಗೆ ಹೋಗಿ, ಯಾವ ಪದವನ್ನು ಬೀಸಿದರೆ ಆ ಉತ್ತರ ಬರುತ್ತದೆಂದು ಒಂದೊಂದಾಗಿ ಪ್ರಯತ್ನಿಸಬಹುದು. ಆಗ ಖಾತೆಯ ತಡೆಯೂ ಅವನನ್ನು ನಿಲ್ಲಿಸದು. ಇಲ್ಲಿ ಕೇಳುವ ಕಳ್ಳ ಮತ್ತು ಎಣಿಸುವ ಕಳ್ಳ ಒಬ್ಬನೇ ಆಗುತ್ತಾನೆ. ಆದ್ದರಿಂದ ಸವಾಲಿನ ಮೇಲೆ ಟಿಎಲ್‌ಎಸ್ ಹೊದಿಕೆಯೂ ಬೇಕು, ಪಾಸ್‌ವರ್ಡ್ ಉದ್ದವಾಗಿಯೂ ಇರಬೇಕು, ಡೇಟಾಬೇಸಿನ ಬಾಗಿಲು ಇಡೀ ಅಂತರ್ಜಾಲಕ್ಕೆ ತೆರೆದಿರಲೂಬಾರದು. ಒಂದು ಗೋಡೆ ಬಿದ್ದರೆ ಇನ್ನೊಂದು ನಿಂತಿರಬೇಕು. ನಮ್ಮ ಯಾದಗಿರಿಯ ಬೆಟ್ಟದ ಕೋಟೆಯನ್ನು ಕಟ್ಟಿದವರಿಗೂ ಈ ಮಾತು ತಿಳಿದಿತ್ತು.

ನಮ್ಮ ನಾಡಿನ ಎರಡು ಉದಾಹರಣೆಗಳು

ಇದು ದೂರದ ದೇಶಗಳ ಮಾತೆಂದು ಭಾವಿಸಬೇಡಿ. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಗೆ ಕನ್ನ ಹಾಕಿದವರು ಸುಮಾರು 11.5 ಕೋಟಿ ರೂಪಾಯಿಗಳನ್ನು ದೋಚಿದರು. ಟೆಂಡರಿಗಾಗಿ ಗುತ್ತಿಗೆದಾರರು ಇಟ್ಟಿದ್ದ ಠೇವಣಿಯ ಹಣವದು. ಸಿಐಡಿ ತನಿಖೆಗೆ ಹೋದ ಆ ಪ್ರಕರಣ ರಾಜ್ಯದಾದ್ಯಂತ ಸುದ್ದಿಯಾಯಿತು. ಖಜಾನೆಯ ಗೋಡೆ ಒಡೆಯಲಿಲ್ಲ, ಬೀಗ ಮುರಿಯಲಿಲ್ಲ, ಹಣ ಮಾತ್ರ ಹೊರಗೆ ಹೋಯಿತು.

ಇನ್ನೊಂದು ಉದಾಹರಣೆ ಮೆಚ್ಚತಕ್ಕದ್ದು. ಹೊಸ ಸಹಸ್ರಮಾನದ ಆರಂಭದಲ್ಲಿ ನಮ್ಮ ರಾಜ್ಯವು ಭೂಮಿ ಯೋಜನೆಯ ಮೂಲಕ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗ ಅದರ ರೂವಾರಿಗಳು ಬದಲಾವಣೆ ಮಾಡುವ ಸಿಬ್ಬಂದಿಗೆ ಪಾಸ್‌ವರ್ಡ್ ಒಂದೇ ಸಾಲದೆಂದು ಬೆರಳಚ್ಚಿನ ಪ್ರವೇಶವನ್ನು ತಂದರು. ಪಾಸ್‌ವರ್ಡನ್ನು ಮತ್ತೊಬ್ಬನಿಗೆ ಹೇಳಬಹುದು, ಮತ್ತೊಬ್ಬನು ಬಳಸಿದನೆಂದು ನುಣುಚಿಕೊಳ್ಳಬಹುದು. ಬೆರಳನ್ನು ಹಾಗೆ ಕೊಡಲಾಗದು. ಯಾರು, ಯಾವಾಗ, ಯಾವ ಪಹಣಿಯನ್ನು ತಿದ್ದಿದರೆಂಬುದು ದಾಖಲಾಗುತ್ತದೆ. ತಪ್ಪಿತಸ್ಥನನ್ನು ಹಿಡಿಯುವುದು ಇದರ ಅರ್ಧ ಪ್ರಯೋಜನ ಮಾತ್ರ. ನಿರಪರಾಧಿಯನ್ನು ಉಳಿಸುವುದು ಉಳಿದರ್ಧ.

ಕೊನೆಯ ಮಾತು

ಆ ಯುವ ಗುಮಾಸ್ತನ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಬಹಳ ತಡವಾಗಿ, ಈ ಇತಿಹಾಸವನ್ನು ಓದುವಾಗ. ಎಂಟು ಮಂದಿಗೆ ಎಂಟು ಪ್ರತ್ಯೇಕ ಪ್ರವೇಶಗಳಿದ್ದಿದ್ದರೆ, ಚೀಟಿ ಅಂಟಿಸದಿದ್ದರೆ, ತಿದ್ದುಪಡಿಯ ದಾಖಲೆ ಉಳಿದಿದ್ದರೆ ಅವನು ತಲೆಯೆತ್ತಿ ನಿಲ್ಲುತ್ತಿದ್ದ. ಆ ಚೀಟಿಯನ್ನು ದಿನವೂ ನೋಡುತ್ತಿದ್ದವರಲ್ಲಿ ನಾನೂ ಒಬ್ಬ. ನಾನೂ ಅದನ್ನು ಕಿತ್ತು ಹಾಕಲಿಲ್ಲ. ಆದ್ದರಿಂದ ಅವನ ಮೇಲಿನ ಗುಮಾನಿಯಲ್ಲಿ ನನ್ನ ಪಾಲೂ ಇದೆಯೆಂದು ಇಂದು ಒಪ್ಪಿಕೊಳ್ಳುತ್ತೇನೆ.

ಅಮಾನತ್ತು ಎಂದರೆ ಒಬ್ಬರು ನಂಬಿ ಒಪ್ಪಿಸಿದ ಹಣ ಮಾತ್ರವೆಂದು ನಾವು ತಿಳಿದಿದ್ದೇವೆ. ಒಪ್ಪಿಸಿದ ಮಾಹಿತಿಯೂ ಅಮಾನತ್ತೇ. ಡೇಟಾಬೇಸಿನ ಪಾಸ್‌ವರ್ಡ್ ನಮ್ಮ ಸ್ವಂತ ಗುಟ್ಟಲ್ಲ. ಅದು ಸಾವಿರಾರು ಜನರ ಗುಟ್ಟುಗಳ ಬೀಗದ ಕೈ. ಮಸೀದಿಯ ಸಮಿತಿಯಿರಲಿ, ಶಾಲೆಯಿರಲಿ, ಸಹಕಾರ ಸಂಘವಿರಲಿ, ಪ್ರತಿಯೊಬ್ಬರಿಗೂ ಅವರವರದೇ ಪ್ರವೇಶ ಕೊಡಿ. ಉದ್ದವಾದ, ಬೇರೆಲ್ಲೂ ಬಳಸದ ಪದ ಇಡಿ. ತಂತ್ರಾಂಶ ಮಾಡಿಕೊಡುವವರನ್ನು, ಪಾಸ್‌ವರ್ಡ್‌ಗಳನ್ನು ಹ್ಯಾಶ್ ಮಾಡಿ ಉಪ್ಪು ಬೆರೆಸಿ ಇಟ್ಟಿದ್ದೀರಾ, ಸಂಪರ್ಕಕ್ಕೆ ಟಿಎಲ್‌ಎಸ್ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಎಣಿಸುವ ವಿದ್ಯೆಯನ್ನು ನಮ್ಮ ಪೂರ್ವಸೂರಿಗಳು ಜಗತ್ತಿಗೆ ಕೊಟ್ಟರೆಂದು ಹೆಮ್ಮೆಪಡುವ ನಾವು, ಆ ಎಣಿಕೆಗೆ ಸಿಗದಂತೆ ಬಡವರ ಅಮಾನತ್ತನ್ನು ಕಾಯುವುದನ್ನೂ ಕಲಿಯಬೇಕು. ಇಂದು ಮನೆಗೆ ಹೋಗುವ ಮುನ್ನ ನಿಮ್ಮ ಕಚೇರಿಯ ಪರದೆಯ ಅಂಚನ್ನು ಒಮ್ಮೆ ನೋಡಿ. ಅಲ್ಲಿ ಚೀಟಿಯಿದ್ದರೆ ಕಿತ್ತುಹಾಕಿ, ಪಾಸ್‌ವರ್ಡನ್ನೂ ಬದಲಿಸಿ.